ಕರುಳಿನ ಬೇನೆಯೂ ನಮ್ಮ ಉಪಚಾರವೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಕುಳಿತವನ ಮುಂದೆ ದೊಡ್ಡ ದೊಡ್ಡ ವಿಷಯಗಳು ತಾವಾಗಿಯೇ ಬಂದು ನಿಲ್ಲುತ್ತವೆ. ವಿದ್ಯಾರ್ಥಿ ಮತ್ತು ಶಿಸ್ತು, ಕನ್ನಡ ನಾಡಿನ ಹಿರಿಮೆ, ವಿಜ್ಞಾನ ವರವೋ ಶಾಪವೋ, ಇವುಗಳ ಪೈಕಿ ಯಾವುದನ್ನು ಹಿಡಿದರೂ ಮರ್ಯಾದೆಗೆ ಕುಂದಿಲ್ಲ. ನಾನು ಕರುಳಿನ ವಿಚಾರ ಬರೆಯುತ್ತೇನೆಂದಾಗ ಸಂಪಾದಕ ಮಿತ್ರರು, "ಕರುಳೆಂದರೆ ತಾಯಿಕರುಳೇ?" ಎಂದು ಉತ್ಸಾಹದಿಂದ ಕೇಳಿದರು. ಅಲ್ಲ, ಉಂಡ ಮುದ್ದೆ ಇಳಿಯುವ ಕರುಳೇ ಎಂದೆ. ಅವರ ಮುಖ ಸ್ವಲ್ಪ ಇಳಿಯಿತು.

ರೋಗಗಳಲ್ಲಿಯೂ ಮೇಲು ಕೀಳೆಂಬುದುಂಟು. ಹೃದಯದ ಬೇನೆಗೆ ಒಂದು ಗಾಂಭೀರ್ಯವಿದೆ. ಸಕ್ಕರೆ ಕಾಯಿಲೆಯವರು ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು, "ಹೋಳಿಗೆ ಬೇಡಪ್ಪ, ಶುಗರ್ ಇದೆ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾರೆ. ಆದರೆ ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡುವವನು, ಹೋದಾಗಲೆಲ್ಲ ರಕ್ತ ಕಾಣುವವನು, ಯಾರ ಮುಂದೆ ಬಾಯಿ ಬಿಟ್ಟಾನು? ಮನೆಯವರಿಗೇ ಹೇಳುವುದಿಲ್ಲ. ಹೇಳದೆ ಇರುವ ಬೇನೆಗೆ ಮದ್ದಿಲ್ಲವೆಂಬುದು ಹಾಗಿರಲಿ. ಹೇಳದೆ ಇರುವ ಬೇನೆಯ ಪರವಾಗಿ ಸರ್ಕಾರಕ್ಕೆ ಅರ್ಜಿ ಬರೆಯುವವರೂ ಇಲ್ಲ ಎಂಬುದು ನನ್ನ ಚಿಂತೆ.

ನಾನು ಹೇಳುತ್ತಿರುವುದು ಕರುಳಿನ ದೀರ್ಘಕಾಲದ ಉರಿಯೂತವನ್ನು ಕುರಿತು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡಕರುಳಿನ ಒಳಪೊರೆಯಲ್ಲಿ ಹುಣ್ಣಾಗಿ ರಕ್ತವೂ ಲೋಳೆಯೂ ಬೀಳುವುದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ಇನ್ನೊಂದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದಾದರೂ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಎಡೆ ಇದಕ್ಕೆ ಪ್ರಿಯವಾದ ಸ್ಥಳ. ಇಲ್ಲಿ ಊತವು ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ನ್ಯೂಯಾರ್ಕಿನ ಬರಿಲ್ ಕ್ರೋನ್ ಎಂಬ ವೈದ್ಯರು ಇಬ್ಬರು ಸಹೋದ್ಯೋಗಿಗಳೊಡನೆ 1932ರಲ್ಲಿ ಇದನ್ನು ವಿವರಿಸಿ ಬರೆದರು. ಮೂವರ ಹೆಸರನ್ನೂ ಅಕ್ಷರಕ್ರಮದಲ್ಲಿ ಅಚ್ಚು ಹಾಕಿದ್ದರಿಂದ ಮೊದಲಿದ್ದ ಕ್ರೋನರ ಹೆಸರೇ ರೋಗಕ್ಕೆ ನಿಂತುಬಿಟ್ಟಿತು. ಹಾಜರಿ ಪುಸ್ತಕದಲ್ಲಿ ಮೊದಲ ಹೆಸರಿನವರಾಗಿರುವುದರ ಲಾಭನಷ್ಟಗಳನ್ನು ಬಲ್ಲ ನಮ್ಮ ಸಹಪಾಠಿಗಳಿಗೆ ಇದು ಅರ್ಥವಾಗುತ್ತದೆ.

ಇದು ಅಂಟುರೋಗವಲ್ಲ. ಹೋಟೆಲಿನ ತಿಂಡಿಯಿಂದ ಬಂದುದಲ್ಲ, ಯಾರ ಶಾಪದಿಂದಲೂ ಬಂದುದಲ್ಲ. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ; ಏಕೆ ತಿರುಗಿಬೀಳುತ್ತದೆಂಬುದು ಇನ್ನೂ ಪೂರ್ತಿಯಾಗಿ ಬಗೆಹರಿದಿಲ್ಲ. ಕೆಲವು ತಿಂಗಳು ಅಡಗಿದ್ದು ಮತ್ತೆ ಕೆರಳುವುದು ಇದರ ಸ್ವಭಾವ. ಬೇರು ಸಹಿತ ಕೀಳುವ ಔಷಧವಿಲ್ಲ, ಹತೋಟಿಯಲ್ಲಿಡುವ ಔಷಧಗಳಿವೆ. ನಮಗೆ ಸಂಬಂಧಿಸಿದ ಮಾತೇನೆಂದರೆ, ಇದು ಹೆಚ್ಚಾಗಿ ತಲೆದೋರುವುದು ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ, ಅಂದರೆ ಈ ಸಂಚಿಕೆಯನ್ನು ಓದುತ್ತಿರುವವರ ವಯಸ್ಸಿನಲ್ಲಿ.

ನಮ್ಮ ರಾಮಗಿರಿಯ ಕಡೆ ಇದಕ್ಕೆ ನಾಲ್ಕು ಹೆಸರುಗಳುಂಟು, ನಾಲ್ಕೂ ತಪ್ಪು. ಮೊದಲು ಆಮಶಂಕೆ ಎನ್ನುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಮಾತ್ರೆ ನಾಲ್ಕು ದಿನ ನಡೆಯುತ್ತದೆ. ರಕ್ತ ನಿಲ್ಲದಿದ್ದರೆ ಮೂಲವ್ಯಾಧಿ ಎನ್ನುತ್ತಾರೆ. ಅದಕ್ಕೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬರೆಸಿಕೊಂಡ ಪಂಡಿತರು ಇದ್ದೇ ಇದ್ದಾರೆ. ಆಮೇಲೆ ಉಷ್ಣ. ಮಜ್ಜಿಗೆ, ಎಳನೀರು, ನೆನೆಸಿದ ಕಾಮಕಸ್ತೂರಿ ಬೀಜ. ಇಷ್ಟಾಗುವ ಹೊತ್ತಿಗೆ ಕರಿಸಿದ್ದೇಶ್ವರನ ಬೆಟ್ಟಕ್ಕೆ ಒಂದು ಹರಕೆಯೂ ಆಗಿರುತ್ತದೆ. ಹರಕೆಯನ್ನು ನಾನು ಆಕ್ಷೇಪಿಸುವುದಿಲ್ಲ. ಬೆಟ್ಟ ಹತ್ತುವ ಶಕ್ತಿ ರೋಗಿಗೆ ಇದ್ದರೆ ಅದೇ ಒಂದು ಶುಭಸೂಚನೆ. ನಾಲ್ಕನೆಯ ಹೆಸರು ಕ್ಷಯ. ಇದು ಮಾತ್ರ ಹಳ್ಳಿಯವರ ತಪ್ಪಲ್ಲ, ವೈದ್ಯರನ್ನೂ ತಬ್ಬಿಬ್ಬುಗೊಳಿಸುವ ತೊಡಕು.

ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಅವಳಿ ಮಕ್ಕಳಂತೆ. ಎರಡೂ ಬಂದು ಕೂರುವ ಜಾಗ ಒಂದೇ. ಹೊಟ್ಟೆನೋವು, ಸಣ್ಣ ಜ್ವರ, ತೂಕ ಇಳಿಯುವುದು, ಭೇದಿ, ಎಲ್ಲವೂ ಒಂದೇ. ಕೊಲೊನೋಸ್ಕೋಪಿ ಮಾಡಿ ಚೂರು ಮಾಂಸ ತೆಗೆದು ನೋಡಿದರೂ ಕೆಲವೊಮ್ಮೆ ನಿರ್ಣಯವಾಗುವುದಿಲ್ಲ. ಕ್ಷಯ ಹೆಚ್ಚಾಗಿರುವ ನಮ್ಮಂಥ ದೇಶದಲ್ಲಿ ವೈದ್ಯರು ಮೊದಲು ಕ್ಷಯದ ಔಷಧ ಕೊಟ್ಟು ನೋಡುವುದು ಅವಿವೇಕವೇನೂ ಅಲ್ಲ. ಕ್ರೋನ್ಸ್ ಎಂದು ತಪ್ಪಾಗಿ ಎಣಿಸಿ ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರೆ ಒಳಗಿರುವ ಕ್ಷಯ ಭುಗಿಲೇಳುತ್ತದೆ. ಆದರೆ ಕ್ಷಯದ ಔಷಧ ಕೊಟ್ಟ ಮೇಲೆ ಎರಡು ಮೂರು ತಿಂಗಳಲ್ಲಿ ಹುಣ್ಣು ಮಾಯುತ್ತಿದೆಯೇ ಎಂದು ತಿರುಗಿ ನೋಡಬೇಕು. ನೋಡದೆ ಹೋದರೆ ಕ್ರೋನ್ಸ್ ತನ್ನ ಪಾಡಿಗೆ ಕರುಳನ್ನು ಬಿಗಿಯುತ್ತಾ ಇರುತ್ತದೆ.

ನನ್ನ ದೊಡ್ಡಮ್ಮನ ಮಗನಿಗೆ ಆದದ್ದು ಇದೇ. ಆತನ ಹೆಸರು ಬರೆಯುವುದು ಬೇಡ. ನಾನು ಅಣ್ಣ ಎಂದೇ ಕರೆಯುವುದು. ಬೇರೊಂದು ಊರಿನ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಗ ಕಾಯಿಲೆ ಶುರುವಾಯಿತು. ಮೂರು ಹೆಸರುಗಳನ್ನು ದಾಟಿ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಹನ್ನೆರಡು ಕೆ.ಜಿ. ಇಳಿದಿದ್ದ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಕರುಳಿನ ಕ್ಷಯವೆಂದು ಹೇಳಿ ಆರು ತಿಂಗಳ ಮಾತ್ರೆಗೆ ಬರೆದುಕೊಟ್ಟರು.

ಆ ಆರು ತಿಂಗಳು ಅಣ್ಣನಿಗೆ ನಡೆದ ಉಪಚಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಹೆಸರು ದಾಖಲೆಗೆ ಹತ್ತಿತು. ಮಾತ್ರೆ ಸರ್ಕಾರದಿಂದ ಬಂತು, ಒಂದು ಪೈಸೆ ಖರ್ಚಿಲ್ಲ. ಪೌಷ್ಟಿಕ ಆಹಾರಕ್ಕೆಂದು ಖಾತೆಗೆ ಹಣ ಬಂತು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾದ ಈ ನೆರವು 2024ರ ನವೆಂಬರಿನಿಂದ 1000 ಆಗಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಆಶಾ ಕಾರ್ಯಕರ್ತೆಯಾದ ಅಕ್ಕ ಬಾಗಿಲಲ್ಲಿ ನಿಂತು, "ಮಾತ್ರೆ ನುಂಗಿದ್ಯೇನಪ್ಪ? ತೂಕ ನೋಡ್ಕಂಡ್ಯಾ?" ಎಂದು ವಿಚಾರಿಸುತ್ತಿದ್ದಳು. ಮಾತ್ರೆ ತಪ್ಪಿದರೆ ದೊಡ್ಡಮ್ಮನಿಗೆ ದೂರು ಹೋಗುತ್ತಿತ್ತು.

ಔಷಧ ಮುಗಿಯಿತು, ನೋವು ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಮತ್ತೆ ಪರೀಕ್ಷೆಯಾಗಿ ಇದು ಕ್ಷಯವಲ್ಲ, ಕ್ರೋನ್ಸ್ ಎಂದು ತಿಳಿಯಿತು. ಅಂದಿನಿಂದ ಯಾರೂ ಬಾಗಿಲಿಗೆ ಬರಲಿಲ್ಲ. ಬರಬೇಕೆಂಬ ನಿಯಮವೂ ಇಲ್ಲ. ಆರು ತಿಂಗಳ ಕಾಯಿಲೆಯೆಂದು ತಿಳಿದಿದ್ದಾಗ ಊರೆಲ್ಲ ಕಾಳಜಿ ಮಾಡಿತು. ಆಯುಷ್ಯ ಪೂರ್ತಿ ಇರುವ ಕಾಯಿಲೆಯೆಂದು ತಿಳಿದ ದಿನ ರೋಗಿ ಒಬ್ಬಂಟಿಯಾದ. ಅದೇ ಹೊಟ್ಟೆ, ಅದೇ ನೋವು, ಅದೇ ಬಡತನ. ಬದಲಾದದ್ದು ಕಾಗದದ ಮೇಲಿನ ಹೆಸರು ಮಾತ್ರ.

ಇಲ್ಲಿಯೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಕರುಳಿನ ಉರಿಯೂತದವರ ಉಪಚಾರ ಉತ್ತಮವಾಗಬೇಕೆಂದರೆ ದೊಡ್ಡ ಆಸ್ಪತ್ರೆಯೊಂದನ್ನು ಕಟ್ಟಬೇಕೆಂದು ಜನ ಭಾವಿಸುತ್ತಾರೆ. ಆಸ್ಪತ್ರೆಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ರೋಗಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ. 2023ರಲ್ಲಿ ಚಿತ್ರದುರ್ಗದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಕೊರತೆ ಇರುವುದು ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವೆ. ಆ ಮೂರು ತಿಂಗಳು ರೋಗಿ ಯಾರ ಜವಾಬ್ದಾರಿ? ಜ್ವರ ಬಂದರೆ ಯಾರನ್ನು ಕೇಳಬೇಕು? ಮಾತ್ರೆ ತೀರಿಹೋದರೆ ಏನು ಮಾಡಬೇಕು?

ಏನು ಮಾಡುತ್ತಾರೆಂಬುದನ್ನು ನಾನು ಬಲ್ಲೆ. ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗಿ ಸ್ಟೀರಾಯ್ಡ್ ಮಾತ್ರೆ ತರುತ್ತಾರೆ. ಪ್ರೆಡ್ನಿಸೊಲೋನ್ ಅಗ್ಗ, ಎರಡು ದಿನಕ್ಕೆ ಹಸಿವು ಬರುತ್ತದೆ, ಮುಖ ತುಂಬಿಕೊಳ್ಳುತ್ತದೆ; ಮನೆಯವರು ಮೈ ಹಿಡಿಯಿತೆಂದು ಸಂತೋಷಪಡುತ್ತಾರೆ. ಸ್ಟೀರಾಯ್ಡ್ ಕೆಟ್ಟ ವಸ್ತುವೇನಲ್ಲ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 210 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕಾರ್ಟಿಸೋನನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟು, ಕೆರಳಿದ ಕೊಲೈಟಿಸನ್ನು ಅದು ತಣಿಸುತ್ತದೆಂದು ತೋರಿಸಿದರು. ಅದಕ್ಕೆ ಮುಂಚೆ ತೀವ್ರವಾಗಿ ಕೆರಳಿದ ಕೊಲೈಟಿಸ್ ಎಷ್ಟೋ ಜನರ ಪ್ರಾಣ ತೆಗೆಯುತ್ತಿತ್ತು. ಆದರೆ ತಣಿದ ಬೆಂಕಿ ಮತ್ತೆ ಹೊತ್ತದಂತೆ ಕಾಯುವ ಶಕ್ತಿ ಸ್ಟೀರಾಯ್ಡಿಗೆ ಇಲ್ಲವೆಂಬುದು 1965ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಖಚಿತವಾಯಿತು. ಸಲ್ಫಸಲಜೀನ್ ಆ ಕಾವಲನ್ನು ಮಾಡುತ್ತದೆಂಬುದೂ ಅದೇ ವರ್ಷ ತಿಳಿಯಿತು. ಅರುವತ್ತು ವರ್ಷದ ಹಳೆಯ ಈ ತಿಳಿವಳಿಕೆ ನಮ್ಮ ಹೋಬಳಿಯ ಔಷಧದಂಗಡಿಗೆ ಇನ್ನೂ ಬಂದು ಮುಟ್ಟಿಲ್ಲ. ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರ ಮೂಳೆ ಟೊಳ್ಳಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಒಮ್ಮೆಲೇ ನಿಲ್ಲಿಸಿದರೂ ಅಪಾಯ.

ಅಣ್ಣನಿಗೆ ಬೆಂಗಳೂರಿನಲ್ಲಿ ಅಜಥಯೋಪ್ರಿನ್ ಎಂಬ ಮಾತ್ರೆ ಬರೆದರು. ಇದು ಒಳ್ಳೆಯ ಔಷಧ, ಆದರೆ ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ತೀರ ಇಳಿಸಿಬಿಡುತ್ತದೆ. ಆದಕಾರಣ ಮೊದಲ ವಾರಗಳಲ್ಲಿ ಮೇಲಿಂದ ಮೇಲೆ, ಆಮೇಲೆ ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಈ ಪರೀಕ್ಷೆಗೆ ಬೆಂಗಳೂರು ಬೇಕಾಗಿಲ್ಲ, ಹೊಳಲ್ಕೆರೆಯಲ್ಲಿಯೇ ಆಗುತ್ತದೆ. ಆ ಮಾತನ್ನು ಅವನಿಗೆ ಹೇಳಿದವರಿಲ್ಲ. ಅವನು ಪರೀಕ್ಷೆಗೆಂದು ಬೆಂಗಳೂರಿಗೇ ಹೋಗುತ್ತಿದ್ದ. ಒಂದು ಹಗಲು, ಒಂದು ರಾತ್ರಿ, ಬಸ್ಸಿನ ಖರ್ಚು, ಒಂದು ದಿನದ ಕೂಲಿ. ಪ್ರಯಾಣದ ಹಿಂದಿನ ದಿನ ಊಟವನ್ನೇ ಬಿಡುತ್ತಿದ್ದ. ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿರೆಂದು ಕೇಳುವ ಪ್ರಸಂಗ ಬರಬಾರದೆಂದು. ಒಂದು ಸಲ ಹೋಗಲಾಗದೆ ಬಿಟ್ಟ, ಎರಡನೆಯ ಸಲವೂ ಬಿಟ್ಟ. ಮೂರನೆಯ ತಿಂಗಳು ಗಂಟಲು ಹುಣ್ಣಾಗಿ ಚಳಿಜ್ವರ ಬಂದಾಗ ಬಿಳಿಕಣ ಪಾತಾಳಕ್ಕೆ ಇಳಿದಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಆ ಒಂಬತ್ತು ದಿನದ ಖರ್ಚಿನಲ್ಲಿ ಹೊಳಲ್ಕೆರೆಯ ರಕ್ತ ಪರೀಕ್ಷೆಯನ್ನು ಎಷ್ಟು ವರ್ಷ ಮಾಡಿಸಬಹುದಾಗಿತ್ತೆಂಬ ಲೆಕ್ಕವನ್ನು ವಾಣಿಜ್ಯ ವಿಭಾಗದ ಮಿತ್ರರಿಗೆ ಬಿಡುತ್ತೇನೆ.

ಅಲ್ಲಿಂದ ಮುಂದೆ ಅಣ್ಣ ಇನ್ನೂರು ಪುಟದ ನೋಟುಬುಕ್ಕೊಂದನ್ನು ಕೊಂಡ. ತೂಕ, ನುಂಗಿದ ಮಾತ್ರೆ, ಹೊರಗೆ ಹೋದ ಲೆಕ್ಕ, ರಕ್ತ ಪರೀಕ್ಷೆಯ ಅಂಕಿ, ಎಲ್ಲವನ್ನೂ ತಾರೀಖು ಹಾಕಿ ಬರೆಯತೊಡಗಿದ. ದಾವಣಗೆರೆಯ ವೈದ್ಯರೊಬ್ಬರು ಅದನ್ನು ಐದು ನಿಮಿಷ ತಿರುವಿ, ಹೊಸದಾಗಿ ಬರೆಯಬೇಕೆಂದಿದ್ದ ಎರಡು ಪರೀಕ್ಷೆಗಳನ್ನು ಹೊಡೆದುಹಾಕಿದರು. "ಹೀಗೆ ಬರೀಬೇಕು ಅಂತ ಯಾರಪ್ಪ ಹೇಳಿಕೊಟ್ಟರು?" ಎಂದು ಕೇಳಿದರಂತೆ. "ಯಾರೂ ಇಲ್ಲ ಸಾರ್" ಎಂದನಂತೆ ಅಣ್ಣ. ಅವನು ಅಕ್ಷರ ಬಲ್ಲವನು, ಬರೆದ. ಬರೆಯಲು ಬಾರದ ತಾಯಂದಿರ ಗತಿಯೇನು?

ಬೇರೆ ದೇಶದವರು ಈ ಕೆಲಸವನ್ನು ಹೇಗೆ ಮಾಡಿದ್ದಾರೆಂದು ಓದಿದಾಗ ನನಗೆ ಆಶ್ಚರ್ಯವಾದದ್ದು ಅವರ ಯಂತ್ರಗಳನ್ನು ಕಂಡಲ್ಲ. ಬ್ರಿಟನ್ನಿನಲ್ಲಿ 2006ರಲ್ಲಿ ಆಸ್ಪತ್ರೆ ಆಸ್ಪತ್ರೆಗಳ ಉಪಚಾರವನ್ನು ಅಳೆದು ನೋಡಿದರು. ಒಂದೊಂದು ಕಡೆ ಒಂದೊಂದು ರೀತಿ ಇರುವುದು ಕಂಡುಬಂತು. 2009ರಲ್ಲಿ ಎಲ್ಲೆಡೆಗೂ ಅನ್ವಯಿಸುವ ಮಟ್ಟಗಳನ್ನು ಗೊತ್ತುಮಾಡಿದರು. ಕಾಯಿಲೆ ಕೆರಳಿದರೆ ಐದು ಕೆಲಸದ ದಿನಗಳೊಳಗೆ ತಜ್ಞರು ನೋಡಬೇಕು. ಈ ಕಾಯಿಲೆಯಲ್ಲಿಯೇ ಪಳಗಿದ ದಾದಿಯರಿರಬೇಕು. ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಂದರಂತೆಯಾದರೂ ಶೌಚಾಲಯವಿರಬೇಕು! ಮೂರು ಹಾಸಿಗೆಗೆ ಒಂದು ಎಂಬ ಈ ಲೆಕ್ಕವನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ರೋಗಿಯ ಪಾಡನ್ನು ಯಾರೋ ಕೇಳಿ ತಿಳಿದು ಬರೆದ ಮಾತು ಅದು. ಕೇಳದೆ ಇಂಥ ಅಂಕಿ ಹೊಳೆಯುವುದಿಲ್ಲ.

ನಮ್ಮಲ್ಲಿ ಏನು ಸಾಧ್ಯ? ಬ್ರಿಟನ್ನಿನ ಹಣ ನಮ್ಮಲ್ಲಿಲ್ಲ, ಒಪ್ಪಿದೆ. ಆದರೆ ಕ್ಷಯಕ್ಕೆ ನಾವೇ ಕಟ್ಟಿರುವ ಏರ್ಪಾಟು ಇದೆಯಲ್ಲ? ಅದನ್ನೇ ಸ್ವಲ್ಪ ಅಗಲಿಸಬೇಕೆಂಬುದು ನನ್ನ ವಾದ. ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾಯಿಲೆಯ ವಿಚಾರ ಬಲ್ಲ ಒಬ್ಬ ದಾದಿ, ಆಕೆಯ ಬಳಿ ಜಿಲ್ಲೆಯ ರೋಗಿಗಳ ಒಂದು ಪುಸ್ತಕ, ಒಂದು ದೂರವಾಣಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ. ಅಂಕಿ ಕೆಟ್ಟರೆ ದಾದಿಗೆ ಸುದ್ದಿ. ಕರುಳಿನಲ್ಲಿ ಉರಿಯೂತವಿದೆಯೇ ಎಂದು ಮಲದ ಚೂರಿನಿಂದಲೇ ಸೂಚನೆ ಕೊಡುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆಯುಂಟು. ಅದು ಜಿಲ್ಲಾ ಕೇಂದ್ರದಲ್ಲಿ ಬಡವರಿಗೂ ದೊರೆತರೆ ಎಷ್ಟೋ ಕೊಲೊನೋಸ್ಕೋಪಿಗಳು ತಪ್ಪುತ್ತವೆ. ಕೊಲೈಟಿಸ್‌ನವರಿಗೆ ಬೇಕಾದ ಮೆಸಲಮೀನ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೇ ಇದೆ. ಪಟ್ಟಿಯಲ್ಲಿರುವುದು ಬೇರೆ, ತಾಲ್ಲೂಕಿನ ಔಷಧದ ಕಪಾಟಿನಲ್ಲಿರುವುದು ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆ ಬಡವರ ಪಾಲಿಗೆ ದೊಡ್ಡ ಆಸರೆಯೇ ಸರಿ. ಆದರೆ ಅದು ಮುಖ್ಯವಾಗಿ ಕೈಹಿಡಿಯುವುದು ಆಸ್ಪತ್ರೆಯ ಹಾಸಿಗೆ ಹಿಡಿದವನನ್ನು. ಹಾಸಿಗೆ ಹಿಡಿಯದಂತೆ ದಿನವೂ ಮಾತ್ರೆ ನುಂಗುವವನು ತನ್ನ ಜೇಬನ್ನೇ ನಂಬಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿಯೇ ಬಂತು. ಕರುಳಿಗೆ ಅದರಲ್ಲಿ ಎಡೆ ಸಿಕ್ಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದ್ದಾರೆ, ಅಲ್ಲಿಯೂ ಇದಿಲ್ಲ.

"ನಿಮ್ಮ ಕಾಯಿಲೆಯವರು ಎಷ್ಟು ಜನ ಇದ್ದಾರಪ್ಪಾ?" ಎಂದು ನಮ್ಮ ಗುರುಗಳೊಬ್ಬರು ನ್ಯಾಯವಾಗಿಯೇ ಕೇಳಿದರು. ಪಂಜಾಬಿನ ಲೂಧಿಯಾನದ ವೈದ್ಯರು ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ, ಲಕ್ಷಕ್ಕೆ ಸುಮಾರು 44 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆಯೆಂದು 2003ರಲ್ಲಿ ಪ್ರಕಟಿಸಿದರು. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಪಂಜಾಬಿನ ಗೋಧಿಗೂ ನಮ್ಮ ರಾಗಿಗೂ ಒಂದೇ ಲೆಕ್ಕ ಹಿಡಿಯಲಾಗದು. ಅರ್ಧ ಹಿಡಿದರೂ ಕೊಲೈಟಿಸ್ ಒಂದರವರೇ ಮುನ್ನೂರೈವತ್ತಕ್ಕೂ ಮೇಲಾಗುತ್ತಾರೆ. ಇಡೀ ಭಾರತದಲ್ಲಿ ಎರಡೂ ಬಗೆಯ ರೋಗಿಗಳು 1990ರಲ್ಲಿ ಸುಮಾರು 1.3 ಲಕ್ಷವಿದ್ದವರು 2019ಕ್ಕೆ 2.7 ಲಕ್ಷವಾದರೆಂದು ಅಂದಾಜು ಮಾಡಿದ್ದಾರೆ. ಮುನ್ನೂರೈವತ್ತು ಜನಕ್ಕೆ ಒಬ್ಬ ದಾದಿ ಎಂಬುದು ದುಂದು ಎನಿಸುವುದಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮದುವೆಯ ಮಾತು ಬಂದಾಗ ಕಾಯಿಲೆ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮೇಲೆ ಮಾತ್ರೆಯನ್ನೂ ಮುಚ್ಚಿಡಬೇಕು. ಗಂಡನ ಮನೆಯಲ್ಲಿ ಡಬ್ಬಿ ಕಂಡಾರೆಂದು ನಿಲ್ಲಿಸಿಬಿಡುತ್ತಾರೆ. ಬಸುರಾದರಂತೂ ಮಗುವಿಗೆ ಕೇಡೆಂದು ಮನೆಯವರೇ ನಿಲ್ಲಿಸುತ್ತಾರೆ. ನಿಜ ಸಂಗತಿ ಬೇರೆ. ಮೆಥೋಟ್ರೆಕ್ಸೇಟ್‌ನಂಥ ಕೆಲವನ್ನು ಬಿಟ್ಟರೆ ಈ ಕಾಯಿಲೆಯ ಬಹುಪಾಲು ಔಷಧಗಳನ್ನು ಬಸುರಿನಲ್ಲಿಯೂ ವೈದ್ಯರು ಮುಂದುವರಿಸುತ್ತಾರೆ, ಏಕೆಂದರೆ ಕೆರಳಿದ ಕಾಯಿಲೆಯೇ ತಾಯಿಗೂ ಮಗುವಿಗೂ ಹೆಚ್ಚು ಕೇಡು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ದಾವಣಗೆರೆಗೆ ಹೋಗಲು ಗಂಡನ ಮುಂದೆ ಕೈಚಾಚುವುದಂತೂ ತಪ್ಪಿದೆ. ಆದರೆ ಹೋಗಲು ಒಂದು ನೆಪ ಬೇಕು. ಅದನ್ನು ಯಾವ ಯೋಜನೆಯೂ ಕೊಡುವುದಿಲ್ಲ.

ಬೆಲೆಯ ವಿಚಾರದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಕಠಿಣ ರೋಗಿಗಳಿಗೆ ಚುಚ್ಚುವ ಜೈವಿಕ ಔಷಧಗಳು, ಅಮೆರಿಕದಲ್ಲಿ 1998ರಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಪಡೆದ ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದವು, ಬಹುಕಾಲ ಶ್ರೀಮಂತರಿಗೇ ಮೀಸಲಾಗಿದ್ದವು. 2014ರಲ್ಲಿ ಅಹಮದಾಬಾದಿನ ಕಂಪನಿಯೊಂದು ಅಡಲಿಮುಮ್ಯಾಬ್ ಎಂಬುದರ ಸಮಾನ ಔಷಧವನ್ನು ಜಗತ್ತಿನಲ್ಲಿಯೇ ಮೊದಲು ಮಾರುಕಟ್ಟೆಗೆ ತಂದಿತು. ಬೆಲೆ ಇಳಿದಿದೆ, ಆದರೂ ಅಡಿಕೆ ಕೊಯ್ಲಿನ ಕೂಲಿಯವನ ಕೈಗೆ ಎಟುಕುವಷ್ಟು ಇಳಿದಿಲ್ಲ.

ಇನ್ನು ನಮ್ಮ ಕಾಲೇಜಿನ ಮಾತು. ಅಣ್ಣ ಓದು ಬಿಟ್ಟದ್ದು ಕಾಯಿಲೆಯಿಂದಲ್ಲ, ಪರೀಕ್ಷೆಯ ಕೊಠಡಿಯಿಂದ. ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡನೆಯ ಸಲ ಎದ್ದಾಗ ಮೇಲ್ವಿಚಾರಕರು, "ಚೀಟಿ ಎಲ್ಲಿಟ್ಟಿದ್ದೀಯ?" ಎಂದರು. ಕೊಠಡಿ ನಕ್ಕಿತು. ಅವನು ಉತ್ತರಪತ್ರಿಕೆ ಕೊಟ್ಟು ಹೊರಬಂದವನು ಮತ್ತೆ ಹೋಗಲಿಲ್ಲ. ಶೇಕಡ 75ರ ಹಾಜರಿಯ ನಿಯಮವೂ ಅವನ ಹಾಗಿರುವವರಿಗೆ ಉರುಳೇ. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಆ್ಯಲಿ ಬೇನ್ ಎಂಬ 14 ವರ್ಷದ ಕ್ರೋನ್ಸ್ ರೋಗಿ ಹುಡುಗಿಗೆ ಅಂಗಡಿಯವರು ತಮ್ಮ ಸಿಬ್ಬಂದಿಯ ಶೌಚಾಲಯವನ್ನು ಬಳಸಲು ಬಿಡಲಿಲ್ಲ. ಆಕೆಯೂ ತಾಯಿಯೂ ಶಾಸಕರ ಬಳಿಗೆ ಹೋದರು. 2005ರಲ್ಲಿ, ಇಂಥ ರೋಗಿಗಳಿಗೆ ಅಂಗಡಿಯವರು ಅವಕಾಶ ಕೊಡಬೇಕೆಂಬ ಕಾನೂನೇ ಆಯಿತು; ಅದನ್ನು ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತಾರೆ. ನಮಗೆ ಕಾನೂನು ಬೇಡ. ವರ್ಷದ ಆರಂಭದಲ್ಲಿ ವೈದ್ಯರ ಪತ್ರ ತಂದ ವಿದ್ಯಾರ್ಥಿಗೆ ಪ್ರಾಂಶುಪಾಲರ ಸಹಿಯುಳ್ಳ ಒಂದು ಚೀಟಿ ಕೊಡಲಿ. ಅದನ್ನು ಮೇಜಿನ ಮೇಲಿಟ್ಟು ಆತ ಎದ್ದು ಹೋದರೆ ಯಾರೂ ಕಾರಣ ಕೇಳಬಾರದು, ಕಳೆದ ಸಮಯವನ್ನು ಕೊನೆಯಲ್ಲಿ ಕೂಡಿಸಿ ಕೊಡಬೇಕು. ಪರೀಕ್ಷೆಯಲ್ಲಿ ಬಾಗಿಲ ಬಳಿಯ ಬೆಂಚನ್ನು ಅವನಿಗೆ ಬಿಡಲಿ. ಗ್ರಂಥಾಲಯದ ಹಿಂದಿನ ಶೌಚಾಲಯದ ಬೀಗದ ಕೈ ಈಗ ಕಚೇರಿಯ ಮೊಳೆಗೆ ನೇತುಬಿದ್ದಿದೆ, ಅದನ್ನು ಪಡೆಯಬೇಕಾದರೆ ಗುಮಾಸ್ತರು ಊಟ ಮುಗಿಸಿ ಬರುವವರೆಗೆ ಕಾಯಬೇಕು. ಆ ಬೀಗವನ್ನೇ ತೆಗೆಸಿಬಿಟ್ಟರೆ ಇನ್ನೂ ಮೇಲು. ಮಧ್ಯಾಹ್ನ ಎರಡರ ಮೇಲೆ ಅಲ್ಲಿ ನೀರು ಬರುವುದಿಲ್ಲವೆಂಬ ಸಂಗತಿಯನ್ನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳು ಕಳೆದ ತಿಂಗಳೇ ಬರವಣಿಗೆಯಲ್ಲಿ ಕೊಟ್ಟಿದ್ದಾರೆ.